ಆಕ್ಷೇಪಣೆ ಕಡತದಲ್ಲಿ ಉಳಿಯಬೇಕಾದರೆ: ಕೊಡಗಿನ ಅನುಭವ

ಕೇಂದ್ರ ಪರಿಸರ ಸಚಿವಾಲಯದ ಪಶ್ಚಿಮಘಟ್ಟ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2022ರಲ್ಲಿ ಹೊರಬಿದ್ದದ್ದು ಜುಲೈ 6ರಂದು, 2024ರಲ್ಲಿ ಜುಲೈ 31ರಂದು. ಆಕ್ಷೇಪಣೆಗೆ ಇರುವುದು 60 ದಿನ. ನಮ್ಮಲ್ಲಿ ಅದು ಕಕ್ಕಡ ತಿಂಗಳ (ಆಟಿಯ) ಮಳೆ, ಗದ್ದೆ ನಾಟಿ, ಮರ ಬಿದ್ದು ಕರೆಂಟ್ ಹೋಗುವ ಕಾಲ. ಹಾಗಾಗಿ ಮೊದಲ ವಾರದಲ್ಲೇ ಕೇಂದ್ರದ ರಾಜ್ಯಪತ್ರದ (ಗೆಜೆಟ್) ಪ್ರತಿ ತೆಗೆದು, ಅದರ ಗ್ರಾಮಪಟ್ಟಿಯನ್ನು ಪಹಣಿಯಲ್ಲಿರುವ ಹೆಸರುಗಳ ಜೊತೆ ತಾಳೆ ನೋಡುತ್ತೇನೆ. ಇಂಗ್ಲಿಷಿನಲ್ಲಿ ಹೆಸರು ತುಸು ಬೇರೆ ಕಂಡರೂ ಸಾಕು, ‘ನಮ್ಮೂರು ಇದರಲ್ಲಿಲ್ಲ’ ಎಂದು ಜನ ಸುಮ್ಮನಾಗಿಬಿಡುತ್ತಾರೆ.

ಆಮೇಲೆ ಎರಡು ಪುಟದ ಕನ್ನಡ ಸಾರಾಂಶ. ಗಣಿ, ಕಲ್ಲುಕೋರೆ, ಮರಳುಗಾರಿಕೆಗೆ ನಿಷೇಧ, 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಕಟ್ಟಡಕ್ಕೆ ನಿಷೇಧ ಎಂದು ಕರಡಿನಲ್ಲಿ ಇದ್ದದ್ದನ್ನು ಇದ್ದಂತೆ ಬರೆಯಬೇಕು. ಪರ ನಿಲ್ಲುವವರಿಗೂ ವಿರೋಧಿಸುವವರಿಗೂ ಅದೇ ಹಾಳೆ. ಗ್ರಾಮಸಭೆಯಲ್ಲಿ ಓದಿದರೆ ಮುಗಿಯಲಿಲ್ಲ. ತೋಟದ ಸಾಹುಕಾರರು ಕೂತಲ್ಲಿ ಲೈನ್‌ಮನೆಗಳಲ್ಲಿರುವ ತೋಟದ ಕಾರ್ಮಿಕರು ಬಾಯಿ ಬಿಡುವುದಿಲ್ಲ. ಅವರಿಗೂ ಹಾಡಿಗಳ ಆದಿವಾಸಿಗಳಿಗೂ ಕೆಲಸ ಬಿಟ್ಟ ಮೇಲೆ ಸಂಜೆ ಬೇರೆಯಾಗಿ, ಅವರದೇ ಮಾತು ಬಲ್ಲವರಿಂದ ಓದಿಸುತ್ತೇನೆ.

ಅಚ್ಚು ಹಾಕಿದ ಒಂದೇ ಪತ್ರಕ್ಕೆ ಸಾವಿರ ಸಹಿ ಬಿದ್ದರೂ ಅದು ಹೇಳುವ ವಿಷಯ ಒಂದೇ. ಹೋಬಳಿ, ಗ್ರಾಮ, ಸರ್ವೆ ನಂಬರ್, ಜಾಗ ಬಾಣೆಯೋ (ಗದ್ದೆಗೆ ಸೇರಿದ ಮರಗಾಡು ಜಮೀನು) ಪೈಸಾರಿಯೋ (ಸರ್ಕಾರಿ ಜಮೀನು) ದೇವರಕಾಡೋ, ಕರಡಿನ ಯಾವ ಅಂಶ ಅಲ್ಲಿ ಏನು ಮಾಡುತ್ತದೆ, ಅದನ್ನು ಹೇಗೆ ತಿದ್ದಬೇಕು: ಇಷ್ಟಿದ್ದರೆ ಅರ್ಧ ಪುಟದ ಕೈಬರಹವೂ ಸಾಕು. ಇ-ಮೇಲ್ ಜೊತೆಗೆ ಅಂಚೆಯಲ್ಲೂ ಕಳಿಸಿ, ರಸೀದಿ ಜೋಪಾನ ಮಾಡಬೇಕು.

ಒಂದು ನಿರ್ದಿಷ್ಟ ಯೋಜನೆಯ ಪರಿಸರ ಸಾರ್ವಜನಿಕ ವಿಚಾರಣೆಯ ದಾರಿ ಬೇರೆ. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯಂತೆ ಕನಿಷ್ಠ 30 ದಿನದ ನೋಟಿಸ್ ಇರಬೇಕು, ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು, ಕಲಾಪವನ್ನು ವಿಡಿಯೋ ಮಾಡಬೇಕು. ಅಲ್ಲಿ ಮತ ಎಣಿಸುವುದಿಲ್ಲ, ಕೂಗಾಟಕ್ಕೂ ಬೆಲೆಯಿಲ್ಲ. ಅನುಮತಿ ಕೊಡುವವರ ಮೇಜಿಗೆ ಹೋಗುವುದು ನಡಾವಳಿ, ಅಂದರೆ ಕಲಾಪದ ಲಿಖಿತ ವರದಿ.

ಹೆಚ್ಚಿನ ಕಡೆ ಸೋಲುವುದು ಕೊನೆಯ ಅರ್ಧ ಗಂಟೆಯಲ್ಲಿ. ನಡಾವಳಿಯನ್ನು ಅಲ್ಲೇ ಜನರ ಭಾಷೆಯಲ್ಲಿ ಓದಿ ಹೇಳಿ ಸಹಿ ಮಾಡಬೇಕೆಂಬುದು ನಿಯಮ, ಆದರೆ ಅಷ್ಟರಲ್ಲಿ ಕೊನೆಯ ಬಸ್ಸಿಗೆಂದು ಸಭೆ ಅರ್ಧ ಖಾಲಿಯಾಗಿರುತ್ತದೆ. ಆದ್ದರಿಂದ ಪ್ರತಿ ಊರಿನಿಂದ ಇಬ್ಬರು ಕಡೆತನಕ ಕೂರುವಂತೆ ವಾಪಸ್ ಹೋಗಲು ಜೀಪು ಗೊತ್ತುಮಾಡುತ್ತೇವೆ. ಒಬ್ಬರು ಪ್ರಶ್ನೆ, ಉತ್ತರ ಬರೆದುಕೊಳ್ಳುತ್ತಾರೆ, ಇನ್ನೊಬ್ಬರು ಓದುವಾಗ ಬಿಟ್ಟುಹೋದದ್ದನ್ನು ಹೇಳಿ ಸೇರಿಸುತ್ತಾರೆ. ಮುಂದೆ ಯೋಜನೆಗೆ ಅನುಮತಿ ಸಿಕ್ಕರೆ, ಅದರ ವಿರುದ್ಧ ಚೆನ್ನೈನ ಹಸಿರು ನ್ಯಾಯಮಂಡಳಿ ಪೀಠಕ್ಕೆ ಮೇಲ್ಮನವಿ ಹಾಕಲು ಸಿಗುವುದು 30 ದಿನ. ಆಗ ಆಧಾರ ಹುಡುಕುತ್ತ ಕೂರಲಾಗದು. ಪಂಚಾಯಿತಿ ಫಲಕಕ್ಕೆ ನಡಾವಳಿ ಬಂದ ದಿನವೇ ಫೋಟೋ ತೆಗೆದು ನಮ್ಮ ಟಿಪ್ಪಣಿಗೆ ಹೋಲಿಸಿ, ತಪ್ಪಿದ್ದರೆ ಯೋಜನೆಯನ್ನು ಪರಿಶೀಲಿಸುವ ಮೌಲ್ಯಮಾಪನ ಸಮಿತಿ ಸಭೆ ಸೇರುವ ಮೊದಲೇ ಲಿಖಿತವಾಗಿ ತಿಳಿಸುತ್ತೇವೆ.