ಡಿಲೀಟ್ ಮಾಡಿದರೆ ಸಾಲದು: ಬೇಡದ ಇಮೇಲ್ ತಡೆಯುವುದು ಹೀಗೆ

ತೀರ್ಥಹಳ್ಳಿ ಹತ್ತಿರದ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಮಳೆಗಾಲ ಬಂದರೆ ಸಿಗ್ನಲ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಕಳೆದ ಆಷಾಢದಲ್ಲಿ ಅವರ ಮಗಳು ಅಲ್ಲೇ ಕೊಡೆ ಹಿಡಿದು ನಿಂತು ಮೇಲ್ ತೆರೆದರೆ ಸಾಲ, ಲಾಟರಿ, ಸೀರೆ ಸೇಲ್ ಅಂತ ರಾಶಿ ಬಿದ್ದಿತ್ತು, ಅದರ ನಡುವೆ ಇದ್ದ ಇಂಟರ್‌ವ್ಯೂ ಪತ್ರ ಕಣ್ಣಿಗೆ ಬಿದ್ದಿದ್ದು ಎರಡು ದಿನ ಕಳೆದ ಮೇಲೆ. ಆ ಕೆಲಸ ಕೈತಪ್ಪಿತು.

ಅವಳೂ ನಮ್ಮೆಲ್ಲರ ಹಾಗೆ ಸುಮ್ನೆ ಡಿಲೀಟ್ ಮಾಡುತ್ತಿದ್ದಳು. ಡಿಲೀಟ್ ಮಾಡಿದರೆ ಆ ಒಂದು ಮೇಲ್ ಹೋಗುತ್ತದೆ. ಕಳಿಸುವವರು ನಿಲ್ಲಿಸುವುದಿಲ್ಲ.

ಅಡಿಕೆ ಆರಿಸುವ ಹಾಗೆ ಮೊದಲು ಎರಡು ರಾಶಿ ಮಾಡಿ. ನಾವೇ ವಿಳಾಸ ಕೊಟ್ಟ ಅಂಗಡಿ, ಆ್ಯಪ್, ಬಸ್ ಬುಕಿಂಗ್ ಕಡೆಯ ಮೇಲ್ ಒಂದು ರಾಶಿ. ಇವಕ್ಕೆ 'ಅನ್‌ಸಬ್‌ಸ್ಕ್ರೈಬ್' (ಇನ್ನು ಕಳಿಸಬೇಡಿ ಅಂತ ಹೇಳುವುದು) ಒತ್ತಿ, ಜಿಮೇಲ್‌ನಲ್ಲಿ ಅದು ಹೆಚ್ಚಾಗಿ ಮೇಲ್‌ನ ಮೇಲ್ಭಾಗದಲ್ಲೇ ಕಾಣುತ್ತದೆ. ದಿನಕ್ಕೆ 5,000ಕ್ಕಿಂತ ಜಾಸ್ತಿ ಜಾಹೀರಾತು ಮೇಲ್ ಕಳಿಸುವವರು ಒಂದೇ ಸಲ ಒತ್ತಿದರೆ ಸಾಕಾಗುವ ವ್ಯವಸ್ಥೆ ಇಡಬೇಕು, 2 ದಿನದೊಳಗೆ ನಿಲ್ಲಿಸಬೇಕು ಎಂದು ಗೂಗಲ್ 2024ರಲ್ಲಿ ನಿಯಮ ತಂದಿದೆ.

ಗುರುತು ಪರಿಚಯ ಇಲ್ಲದವರು ಕಳಿಸುವುದು ಇನ್ನೊಂದು ರಾಶಿ. ಇಲ್ಲಿ ತುಂಬಾ ಜನ ತಪ್ಪು ಮಾಡುತ್ತಾರೆ, ದಯವಿಟ್ಟು ಗಮನಿಸಿ. ಇಂಥ ಮೇಲ್‌ನೊಳಗಿನ ಯಾವ ಲಿಂಕೂ ಒತ್ತಬೇಡಿ, ಕೊನೆಯಲ್ಲಿರುವ ಅನ್‌ಸಬ್‌ಸ್ಕ್ರೈಬ್ ಕೂಡ ಬೇಡ. ಒತ್ತಿದರೆ ಈ ವಿಳಾಸವನ್ನು ಯಾರೋ ನೋಡುತ್ತಿದ್ದಾರೆ ಅಂತ ಅವರಿಗೆ ಖಾತ್ರಿಯಾಗುತ್ತದೆ, ಆಮೇಲೆ ಇನ್ನೂ ಜಾಸ್ತಿ ಬರಬಹುದು. ಬದಲಿಗೆ ಮೇಲ್ಗಡೆಯ ಮೂರು ಚುಕ್ಕೆ ಒತ್ತಿ 'ರಿಪೋರ್ಟ್ ಸ್ಪ್ಯಾಮ್' (ಇದು ಬೇಡದ ಮೇಲ್ ಅಂತ ದೂರು) ಕೊಡಿ. ಹಾಗೆ ಮಾಡಿದರೆ ಅಂಥದ್ದನ್ನು ಮುಂದೆ ಹಿಡಿಯಲು ಜಿಮೇಲ್ ಕಲಿಯುತ್ತದೆ. ಮೇಲ್‌ನೊಳಗಿನ ಚಿತ್ರ ತೆರೆದುಕೊಂಡರೂ ನೀವು ನೋಡಿದ್ದು ಅವರಿಗೆ ತಿಳಿಯಬಹುದು, ಅದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಚಿತ್ರ ತೋರಿಸುವ ಮುಂಚೆ ಕೇಳುವಂತೆ ಬದಲಿಸಿಕೊಳ್ಳಿ.

ವಿಳಾಸ ಯಾರ ಕೈಯಿಂದ ಹೊರಗೆ ಹೋಯಿತು ಅಂತ ತಿಳಿಯಬೇಕಾ? ಎಲ್ಲಾದರೂ ಜಿಮೇಲ್ ವಿಳಾಸ ಕೊಡುವಾಗ ನಿಮ್ಮ ಹೆಸರಾದ ಮೇಲೆ, @ ಗುರುತು ಬರುವ ಮುಂಚೆ ಒಂದು + ಹಾಕಿ ಆ ಅಂಗಡಿಯ ಹೆಸರು ಸೇರಿಸಿ. ಮೇಲ್ ನಿಮಗೇ ಬರುತ್ತದೆ, ಆ ಹೆಸರಿನ ವಿಳಾಸಕ್ಕೆ ಬೇರೆಯವರಿಂದ ಮೇಲ್ ಬಂದರೆ ಎಲ್ಲಿಂದ ಹೋಯಿತು ಅಂತ ಗೊತ್ತಾಗುತ್ತದೆ ಅಲ್ವಾ. ಕೆಲವು ಕಡೆ ಮಾತ್ರ + ಇರುವ ವಿಳಾಸ ತೆಗೆದುಕೊಳ್ಳುವುದಿಲ್ಲ.

ವಾರಕ್ಕೊಮ್ಮೆ ಸ್ಪ್ಯಾಮ್ ಫೋಲ್ಡರ್ ತೆರೆದು ನೋಡಿ, ಒಳ್ಳೆಯ ಪತ್ರವೂ ಒಮ್ಮೊಮ್ಮೆ ಅಲ್ಲಿ ಸೇರಿರುತ್ತದೆ, 30 ದಿನ ಆದ ಮೇಲೆ ತಾನಾಗೇ ಅಳಿಸಿಹೋಗುತ್ತದೆ. ಬೇಕಾದದ್ದು ಸಿಕ್ಕರೆ 'ನಾಟ್ ಸ್ಪ್ಯಾಮ್' ಒತ್ತಿ, ಕಳಿಸಿದವರ ವಿಳಾಸವನ್ನು ಕಾಂಟ್ಯಾಕ್ಟ್‌ಗೆ ಸೇರಿಸಿಡಿ.