ಇಂಟರ್‌ಲಾಕ್ ಎಬ್ಬಿಸಿ ಮರದ ಬುಡ ಬಿಡಿಸುವುದು: ನನ್ನ ಅನುಭವ

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಆದರೂ ಕಾಂಡಕ್ಕೆ ತಾಗಿಸಿ ಇಂಟರ್‌ಲಾಕ್ (ಒಂದಕ್ಕೊಂದು ಕೂಡಿಸಿ ಹಾಸುವ ಸಿಮೆಂಟ್ ಕಲ್ಲು) ಹಾಸಿದ ಮರದ ಬೇರಿಗೆ ನೀರಿಲ್ಲ, ಗಾಳಿಯೂ ಇಲ್ಲ; ಎಲ್ಲ ಚರಂಡಿಗೆ ಹೋಗುತ್ತದೆ. ತುದಿಯ ಗೆಲ್ಲು ಒಣಗುತ್ತಾ ಬಂದರೆ ನಾನು ಮೊದಲು ನೋಡುವುದು ಬುಡವನ್ನು.

ಬುಡ ಬಿಡಿಸಲು ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಒಳ್ಳೆಯದು. ಮಣ್ಣಿನಲ್ಲಿ ಪಸೆ ಇರುತ್ತದೆ, ಗಾಳಿಮಳೆ ಇರುವುದಿಲ್ಲ. ಪಾಲಿಕೆಗೆ ಬರೆದುಕೊಟ್ಟು, ನೀರಿನ ಪೈಪು, ಕೇಬಲ್ಲು ಎಲ್ಲಿ ಹಾದಿವೆ ಎಂದು ಕೇಳಿಕೊಂಡೇ ಹಾರೆ ಹಿಡಿಯುವುದು.

ಕಾಂಡದ ಸುತ್ತ ಒಂದು ಮೀಟರಿಗೆ ಸುಣ್ಣದ ಗೆರೆ ಎಳೆಯುತ್ತೇವೆ. ದಿಲ್ಲಿಯ ಮರಗಳ ವಿಚಾರದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಹೇಳಿದ ಅಳತೆಯೂ ಇದೇ. ಗೋಳಿಮರಕ್ಕೆ (ಆಲಕ್ಕೆ) ಇದೂ ಸಾಲದು. ಇಂಟರ್‌ಲಾಕ್ ಕಲ್ಲು ಒಂದೊಂದಾಗಿ ಎದ್ದುಬರುತ್ತದೆ. ಕಾಂಕ್ರೀಟಿಗೆ ಉಳಿ, ಸುತ್ತಿಗೆಯೇ ಸರಿ. ಕಾಂಕ್ರೀಟ್ ಒಡೆಯುವ ಬ್ರೇಕರ್ ಯಂತ್ರ ತಂದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಅಡಿಗೇ ಹಬ್ಬಿದ ಬೇರಿನ ಸಿಪ್ಪೆ ಕಿತ್ತುಬರುತ್ತದೆ.

ಹೆಬ್ಬೆರಳಿಗಿಂತ ದಪ್ಪದ ಬೇರನ್ನು ಕಡಿಯಲೇಬಾರದು. ನಮ್ಮಲ್ಲಿ ಹಲವೆಡೆ ಎರಡು ಮೂರು ಅಡಿಗೇ ಗಟ್ಟಿ ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಸಿಗುತ್ತದೆ. ಬೇರು ಆಳಕ್ಕೆ ಇಳಿಯಲಾರದೆ ಅಡ್ಡ ಹರಡಿ ಮರವನ್ನು ಹಿಡಿದಿರುತ್ತದೆ. ಚರಂಡಿಗೆಂದು ಪಡುಬದಿಯ ಬೇರು ಕಡಿದರೆ, ಮಳೆಗಾಲದಲ್ಲಿ ಕಡಲಿಂದ ನುಗ್ಗುವ ಗಾಳಿಗೆ ಆ ಮರ ಮೂಡಕ್ಕೆ ಮಗುಚುತ್ತದೆ. ಆಮೇಲೆ ಸಾಲಿನಲ್ಲಿ ಉಳಿದ ಮರಗಳಿಗೆಲ್ಲ ಅಪಾಯಕಾರಿ ಎಂಬ ಹೆಸರು! ಬೇರು ಕಡಿದವರನ್ನು ಯಾರೂ ಕೇಳುವುದಿಲ್ಲ.

ತೆರೆದ ಜಾಗದಿಂದ ಸಿಮೆಂಟಿನ ಚೂರು, ಜಲ್ಲಿಪುಡಿಯನ್ನು ಕೈಯಲ್ಲೇ ಹೆಕ್ಕಬೇಕು. ನಮ್ಮದು ಹುಳಿಮಣ್ಣು, ಇಲ್ಲಿಯ ಮರಗಳು ಅದಕ್ಕೆ ಒಗ್ಗಿದವು. ಸಿಮೆಂಟಿನ ಕ್ಷಾರ ಸೇರಿದರೆ ಬೇರು ಕಬ್ಬಿಣದ ಅಂಶ ಹೀರಲಾರದೆ ಚಿಗುರು ಹಳದಿಯಾಗುತ್ತದೆ. ಮೇಲಿನ ಮೂರು ನಾಲ್ಕು ಇಂಚು ಮಾತ್ರ ಸಡಿಲಿಸಿ, ಎರಡು ಪಾಲು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಸೊಪ್ಪಿನ ಗೊಬ್ಬರ ಬೆರೆಸುತ್ತೇವೆ. ಹಸಿ ಗೊಬ್ಬರ ಬೇಡ. ಕಾಂಡ ಅಗಲವಾಗಿ ಬೇರಾಗುವ ಭಾಗ ಕಣ್ಣಿಗೆ ಕಾಣುತ್ತಲೇ ಇರಬೇಕು; ಅದರ ಮೇಲೆ ಮಣ್ಣು ಏರಿಸಿದರೆ ಮಳೆಗಾಲದಲ್ಲಿ ತೊಗಟೆ ಕೊಳೆಯುತ್ತದೆ. ಹೆಚ್ಚಿನವರು ತಪ್ಪುವುದು ಇಲ್ಲೇ, ಅದೂ ಪ್ರೀತಿಯಿಂದ.

ಮೇಲೆ ಮೂರು ಇಂಚು ತರಗೆಲೆ, ಕಾಂಡದಿಂದ ಒಂದು ಗೇಣು ದೂರಕ್ಕೆ. ಗುಡಿಸಿ ಬೆಂಕಿ ಕೊಡುವ ಎಲೆಯೇ ಸಾಕು. ಅಂಚಿಗೆ ಮುರಕಲ್ಲಿನ ತುಂಡುಗಳನ್ನು ಗಾರೆ ಹಾಕದೆ, ನಡುವೆ ಸಂದು ಬಿಟ್ಟು ಹೂಳುತ್ತೇವೆ. ರಸ್ತೆಯ ನೀರು ಒಳಗೆ ಬರಬೇಕು, ನಿಲ್ಲಬಾರದು. ಪಕ್ಕದ ಅಂಗಡಿಯವರಿಗೆ ಸಾಬೂನು ನೀರು, ಕರಿದ ಎಣ್ಣೆ ಇಲ್ಲಿ ಚೆಲ್ಲಬೇಡಿ ಎಂದು ಹೇಳಿಬರುವುದೂ ಕೆಲಸದ ಭಾಗವೇ.

ಜನವರಿಯಿಂದ ವಾರಕ್ಕೊಮ್ಮೆ ನಾಲ್ಕೈದು ಕೊಡ ನೀರು. ಮಾರ್ಚಿನಲ್ಲಿ ತಳಿರು ಬಂತೆಂದು ನಿಲ್ಲಿಸಬೇಡಿ. ಹೊಸ ಬೇರು ಇನ್ನೂ ಮೇಲ್ಮಣ್ಣಿನಲ್ಲೇ ಇರುತ್ತದೆ. ಮಳೆ ಹಿಡಿಯುವ ತನಕ ಹಾಕುತ್ತಿರಿ.