ಸಾರ್ ಬಿಟ್ಟುಹೋದ ಡೈರಿಗಳನ್ನು ಇ-ಬರ್ಡ್‌ಗೆ ಹಾಕಿದ್ದು ಹೀಗೆ

ಮೈಸೂರಿನ ನಮ್ಮ ಹಕ್ಕಿ ನೋಡುವವರ ಗುಂಪಿನಲ್ಲಿ ಎಲ್ಲರಿಗಿಂತ ಹಳಬರು ಹೋದ ವರ್ಷ ತೀರಿಕೊಂಡರು. ಹೆಸರು ಬರೆಯಲ್ಲ, ಅವರಿಗೆ ಅದೆಲ್ಲ ಇಷ್ಟವಿರಲಿಲ್ಲ. ನಮಗೆಲ್ಲ ಅವರು ಬರೀ ‘ಸಾರ್’. ನೆನಪಿಗೆ ಏನಾದರೂ ಮಾಡೋಣ ಅಂತ ಸೇರಿದಾಗ ಒಬ್ಬರು ಗಿಡ ನೆಡೋಣ ಅಂದರು. ಇನ್ನೊಬ್ಬರು ಬೆಂಚು ಹಾಕಿಸೋಣ ಅಂದರು. ನಾನು ಅವರ ಡೈರಿಗಳನ್ನು ಕೇಳಿದೆ. ಅದರಲ್ಲಿರುವ ಹಕ್ಕಿಗಳ ಪಟ್ಟಿಗಳನ್ನು ಇ-ಬರ್ಡ್‌ಗೆ, ಅಂದರೆ ಹಕ್ಕಿ ನೋಡುವವರು ತಾವು ಕಂಡದ್ದನ್ನು ಬರೆದು ಹಾಕುವ ಜಾಲತಾಣಕ್ಕೆ, ಸೇರಿಸೋಣ ಅಂತ.

ಎಲ್‌ಐಸಿಯವರು, ಬ್ಯಾಂಕಿನವರು ಹೊಸ ವರ್ಷಕ್ಕೆ ಕೊಡುತ್ತಾರಲ್ಲ, ಅಂಥ ಡೈರಿಗಳು. 1980ರ ದಶಕದಿಂದ ಶುರು. ಆಫೀಸಿಗೆ ಹೋಗುವ ಮೊದಲು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು. ಭಾನುವಾರ ಲಿಂಗಾಂಬುಧಿ ಇಲ್ಲವೇ ಕಾರಂಜಿ ಕೆರೆ. ಚಳಿಗಾಲದಲ್ಲಿ ನಂಜನಗೂಡು ತಾಲೂಕಿನ ಹದಿನಾರು ಕೆರೆ. ಮನೆಗೆ ಬಂದು ಕಾಫಿ ಕುಡಿಯುತ್ತಾ ಬರೆದಿಡುತ್ತಿದ್ದರು. ಯಾರಿಗೂ ತೋರಿಸಿಕೊಂಡು ಓಡಾಡಿದವರಲ್ಲ.

ಇದಕ್ಕೆ ಯಾಕಿಷ್ಟು ಒದ್ದಾಟ ಅಂತ ಕೇಳಬಹುದು. ದೇಶದ ಹಕ್ಕಿಗಳ ಸ್ಥಿತಿ ಬಗ್ಗೆ 2023ರಲ್ಲಿ ಬಂದ ವರದಿಯಲ್ಲಿ 942 ಜಾತಿಗಳನ್ನು ನೋಡಿದ್ದಾರೆ. ಆದರೆ ದೀರ್ಘಕಾಲದಲ್ಲಿ ಜಾಸ್ತಿಯಾಗಿವೆಯೋ ಕಡಿಮೆಯಾಗಿವೆಯೋ ಅಂತ ಹೇಳಲು ಆದದ್ದು 338ಕ್ಕೆ ಮಾತ್ರ. ಅದರಲ್ಲಿ 204 ಕಡಿಮೆಯಾಗಿವೆ. ಹಾಗೆ ಹೇಳಬೇಕಾದರೆ 2000ನೇ ಇಸವಿಗೆ ಮುಂಚೆ ಹೇಗಿತ್ತು ಅಂತ ಗೊತ್ತಿರಬೇಕು. ಇ-ಬರ್ಡ್ ಶುರುವಾದದ್ದೇ 2002ರಲ್ಲಿ. ಈಗ ಕೈಯಲ್ಲಿ ಮೊಬೈಲ್ ಇದೆ, ದಿನಾ ರಾಶಿ ರಾಶಿ ಪಟ್ಟಿ ಬೀಳುತ್ತವೆ. ಅದಕ್ಕೂ ಹಿಂದಿನದು ಇರೋದು ಇಂಥವರ ಬೀರುವಿನಲ್ಲೇ ಅಲ್ವಾ? ಹಾಗಾಗಿ ಮೊದಲು 2000ಕ್ಕಿಂತ ಹಳೆಯ ಡೈರಿಗಳನ್ನೇ ಕೈಗೆತ್ತಿಕೊಂಡೆ. ಆಮೇಲಿನವು ನಿಧಾನಕ್ಕೆ ಬರಲಿ.

ಅಮ್ಮಾವ್ರು ಡೈರಿಗಳನ್ನು ಕೊಟ್ಟರು, ಆದರೆ ‘ವಾಪಸ್ ಬರಬೇಕು’ ಅಂತ ಹೇಳಿಯೇ ಕೊಟ್ಟರು. ಅದಕ್ಕೆ ಮೊದಲು ಮಾಡಿದ ಕೆಲಸ ಪ್ರತಿ ಪುಟದ ಫೋಟೋ ತೆಗೆದದ್ದು. ಕಿಟಕಿ ಪಕ್ಕದ ಬೆಳಕು ಸಾಕು, ಫ್ಲಾಶ್ ಹಾಕಿದರೆ ಶಾಯಿ ಬಿಳಿಚಿಕೊಳ್ಳುತ್ತದೆ. ವರ್ಷಕ್ಕೊಂದು ಫೋಲ್ಡರ್ ಮಾಡಿ, ಫೋಟೋಗೆ ತಾರೀಖನ್ನೇ ಹೆಸರಾಗಿ ಇಟ್ಟೆ. ಡೈರಿ ಮನೆಗೆ ವಾಪಸ್ ಹೋಯಿತು. ಮುಂದಿನ ಕೆಲಸವೆಲ್ಲ ಫೋಟೋ ನೋಡಿಕೊಂಡೇ.

ಆಮೇಲೆ ಖಾತೆಯ ಪ್ರಶ್ನೆ. ಬೇರೆಯವರು ನೋಡಿದ ಹಕ್ಕಿಯನ್ನು ನನ್ನ ಖಾತೆಗೆ ಹಾಕಿಕೊಳ್ಳುವುದು ಸರಿಯಲ್ಲ. ನನ್ನ ಪಟ್ಟಿ ಸುಮ್ಸುಮ್ನೆ ಉಬ್ಬುತ್ತದೆ, ನೋಡಿದವರ ಹೆಸರು ಮಾಯವಾಗುತ್ತದೆ. ಮನೆಯವರ ಒಪ್ಪಿಗೆ ತೆಗೆದುಕೊಂಡು ಸಾರ್ ಹೆಸರಲ್ಲೇ ಬೇರೆ ಖಾತೆ ತೆರೆದೆವು.

ಒಂದು ಪುಟದಲ್ಲಿ ಏನಿರುತ್ತದೆ ಅಂತ ತೋರಿಸುತ್ತೇನೆ. 1991ರ ನವೆಂಬರ್, ಕುಕ್ಕರಹಳ್ಳಿ. ‘ಸೂಜಿಬಾಲದ ಬಾತು 60ರ ಮೇಲೆ. ನಾಮಕೋಳಿ ಲೆಕ್ಕಕ್ಕೆ ಸಿಗಲ್ಲ. ಗುಳುಮುಳುಕ 9. ಕಾಗೆ 14. ಗೊರವಂಕ 6. ಬೆಳ್ಳಕ್ಕಿ 11. ಮಂಜು.’ ಅಷ್ಟೇ. ಆದರೆ ಪ್ರತಿಯೊಂದು ಸಾಲಿಗೂ ಒಂದು ತೀರ್ಮಾನ ಬೇಕು. 60ರ ಮೇಲೆ ಅಂದರೆ 60 ಅಂತಲೇ ಹಾಕಿ, ಅವರು ಬರೆದದ್ದನ್ನು ಹಾಗೇ ಷರಾದಲ್ಲಿ ಬರೆದೆ. ಲೆಕ್ಕಕ್ಕೆ ಸಿಗದ ನಾಮಕೋಳಿಗೆ ‘ಎಕ್ಸ್’. ಇತ್ತು, ಎಷ್ಟು ಅಂತ ಗೊತ್ತಿಲ್ಲ ಅಂತ ಅರ್ಥ. ಬೆಳ್ಳಕ್ಕಿಯಲ್ಲಿ ದೊಡ್ಡದು, ಮಧ್ಯಮ, ಚಿಕ್ಕದು ಅಂತ ಇವೆ. ಯಾವುದು ಅಂತ ಬರೆಯದಿದ್ದಾಗ ಜಾತಿ ಊಹಿಸಲು ಹೋಗಲಿಲ್ಲ. ಸುಮ್ನೆ ಬೆಳ್ಳಕ್ಕಿ ಅಂತಲೇ ಹಾಕಲು ಅವಕಾಶ ಇದೆ.

ಈ ಪುಟದಲ್ಲಿ ನನಗೆ ಬಾತಿಗಿಂತ ಮುಖ್ಯ ಅನ್ನಿಸಿದ್ದು ಕಾಗೆ, ಗೊರವಂಕ. ಕ್ಯಾಮೆರಾ ಹಿಡಿದು ಬರುವವರಲ್ಲಿ ಕಾಗೆ ಬರೆಯುವವರು ಎಷ್ಟು ಜನ? ಸಾರ್ ಒಂದು ದಿನವೂ ಬಿಟ್ಟಿಲ್ಲ. ‘ಕಂಡ, ಗುರುತು ಹಿಡಿದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ?’ ಅಂತ ಇ-ಬರ್ಡ್ ಪ್ರತಿ ಪಟ್ಟಿಗೂ ಕೇಳುತ್ತದೆ. ಹೌದು ಅಂದರೆ ಆ ಪಟ್ಟಿಯ ಬೆಲೆಯೇ ಬೇರೆ, ಯಾಕೆಂದರೆ ಬರೆಯದ ಹಕ್ಕಿ ಆವತ್ತು ಕಾಣಲಿಲ್ಲ ಅಂತಲೂ ಗೊತ್ತಾಗುತ್ತದೆ. ಹಳೇ ಡೈರಿಗಳಲ್ಲಿ ಸಾಮಾನ್ಯವಾಗಿ ಅಪರೂಪದ ಹಕ್ಕಿಗಳಷ್ಟೇ ಇರುತ್ತವೆ. ಅಂಥದಕ್ಕೆ ‘ಇಲ್ಲ’ ಅಂತಲೇ ಒತ್ತಬೇಕು. ಇವರ ಕುಕ್ಕರಹಳ್ಳಿ ಪಟ್ಟಿಗಳಿಗೆ ಮಾತ್ರ ಧೈರ್ಯವಾಗಿ ‘ಹೌದು’ ಒತ್ತಿದೆ. ಬಸ್ಸಿನ ಕಿಟಕಿಯಿಂದ ಕಂಡದ್ದಕ್ಕೆಲ್ಲ ‘ಇಲ್ಲ’.

ಹೊತ್ತಿನದು ಇನ್ನೊಂದು ತಲೆನೋವು. ಸಾರ್ ಕೆಲವು ವರ್ಷ ಕನ್ನಡ ಅಂಕಿಯಲ್ಲಿ ಬರೆದಿದ್ದಾರೆ. ಅವರ ಕೈಬರಹದಲ್ಲಿ ೬ ಯಾವುದು, ೯ ಯಾವುದು ಅಂತ ಬ್ರಹ್ಮನಿಗೂ ತಿಳಿಯದು. ವಾರದ ದಿನವಾದರೆ ಆರು ಗಂಟೆಯೇ, ಹತ್ತಕ್ಕೆ ಆಫೀಸಿನಲ್ಲಿ ಇರಬೇಕಿತ್ತಲ್ಲ. ಭಾನುವಾರದ್ದಾದರೆ ಹೊತ್ತಿನ ಜಾಗ ಖಾಲಿ ಬಿಟ್ಟೆ. ಹೊತ್ತು, ನಡೆದ ದೂರ ಗೊತ್ತಿಲ್ಲದ ಪಟ್ಟಿಗಳಿಗೆ ‘ಹಿಸ್ಟಾರಿಕಲ್’ ಅನ್ನುವ ಆಯ್ಕೆ ಇದೆ, ತಾರೀಖು ಮತ್ತು ಜಾಗ ಇದ್ದರೆ ಸಾಕು.

ಟೈಪ್ ಮಾಡಲು ಗುಂಪಿನ ಕಾಲೇಜು ಹುಡುಗರು ಸಿಕ್ಕಿದರು. ಒಬ್ಬಳು ‘ಹದಿನಾರು ಹೆಬ್ಬಾತು’ ಅಂತ ಇದ್ದದ್ದನ್ನು ನೋಡಿ ಪಟ್ಟೆತಲೆ ಹೆಬ್ಬಾತು 16 ಅಂತ ಹಾಕಿ ಕಳಿಸಿದಳು. ನಂಜನಗೂಡು ಕಡೆಯವರಾದರೆ ನಗುತ್ತಾರೆ. ಹದಿನಾರು ಊರಿನ ಹೆಸರು ಕಣಮ್ಮ ಅಂತ ಹೇಳಿ, ಅಲ್ಲಿಗೂ ಒಂದು ‘ಎಕ್ಸ್’ ಹಾಕಿಸಿದೆ.

ಹಕ್ಕಿಗಳ ಇಂಗ್ಲಿಷ್ ಹೆಸರುಗಳೂ ಪಕ್ಷಿತಜ್ಞ ಸಲೀಂ ಅಲಿ ಕಾಲದವು. ಗ್ರೇ ಪೆಲಿಕನ್, ಪರಾಯಾ ಕೈಟ್, ಕ್ರೋ-ಫೆಸೆಂಟ್. ಎಕ್ಸೆಲ್‌ನಲ್ಲಿ ಒಂದು ಕಡೆ ಡೈರಿಯ ಹೆಸರು, ಪಕ್ಕದಲ್ಲಿ ಈಗಿನ ಹೆಸರು ಇಟ್ಟುಕೊಂಡರೆ ಬೇಗ ಮುಗಿಯುತ್ತದೆ. ಒಟ್ಟಿಗೆ ಅಪ್‌ಲೋಡ್ ಮಾಡುವ ಫೈಲು 1 ಎಂಬಿ ದಾಟಬಾರದು. ವರ್ಷಕ್ಕೊಂದು ಫೈಲು ಮಾಡಿದ್ದರಿಂದ ಆ ತೊಂದರೆ ಬರಲಿಲ್ಲ.

ಅಪರೂಪದ ಹಕ್ಕಿ ಹಾಕಿದರೆ ಪರಿಶೀಲಿಸುವವರು ವಿವರ ಕೇಳುತ್ತಾರೆ. ಇದರಲ್ಲಿ ಸಾರ್ ನನ್ನ ಕೆಲಸ ಹಗುರ ಮಾಡಿಟ್ಟಿದ್ದರು. ಅನುಮಾನ ಬಂದ ಕಡೆಯೆಲ್ಲ ಪ್ರಶ್ನೆ ಚಿಹ್ನೆ ಹಾಕಿದ್ದಾರೆ. ‘ಹ್ಯಾರಿಯರ್? ದೂರ ಇತ್ತು.’ ಹ್ಯಾರಿಯರ್ ಅಂದರೆ ಗಿಡುಗದಂಥ ಬೇಟೆ ಹಕ್ಕಿ, ಅದರಲ್ಲಿ ಹಲವು ಜಾತಿ ಇವೆ. ನಾವಾದರೆ ಮಸುಕು ಫೋಟೋ ಹಿಡಿದುಕೊಂಡು ಮೂರು ದಿನ ವಾದ ಮಾಡುತ್ತೇವೆ. ಅವರು ಒಂದು ಚಿಹ್ನೆ ಹಾಕಿ ಮುಂದೆ ಹೋಗಿದ್ದಾರೆ. ಚಿಹ್ನೆ ಇದ್ದದ್ದನ್ನೆಲ್ಲ ಜಾತಿ ಹೇಳದೆ ‘ಯಾವುದೋ ಹ್ಯಾರಿಯರ್’ ಅನ್ನುವ ಹಾಗೆ ಸೇರಿಸಿದೆ.

ಜಾಗಗಳಿಗೂ ಅವರು ಗುರುತಿನ ಅಕ್ಷರ ಇಟ್ಟುಕೊಂಡಿದ್ದರು. ಕು.ಕೆ., ಲಿಂ., ಕಾ. ಇವೆಲ್ಲ ಗೊತ್ತಾದವು. ‘ಗೊ.ತೋ.’ ಒಂದು ಮಾತ್ರ ಉಳಿದಿದೆ. ಯಾರದೋ ತೋಟ ಇರಬೇಕು. ಗೌಜುಗ, ಚಾತಕ, ಗುಬ್ಬಚ್ಚಿ ಎಲ್ಲ ಇವೆ ಅಲ್ಲಿ. ಅಮ್ಮಾವ್ರಿಗೂ ಗೊತ್ತಿಲ್ಲ, ಗುಂಪಿನ ಹಳಬರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಜಾಗ ಗೊತ್ತಾಗದೆ ಆ ಪುಟಗಳನ್ನು ಹಾಕುವಂತಿಲ್ಲ, ಬೇರೆ ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಮೈಸೂರಿನ ಹಳಬರು ಯಾರಿಗಾದರೂ ಹೊಳೆದರೆ ಹೇಳಿ, ಆವತ್ತೇ ಸೇರಿಸುತ್ತೇನೆ.